ಚಾಲಿ ಸುಲಿಯುವ ಯಂತ್ರಕ್ಕೆ ಪೇಟೆಂಟ್: ಶಿರಸಿಯ ಒಂದು ಫೈಲಿಂಗ್ ಸೇವೆ ಹೇಗಿದೆ?

ಶಿರಸಿ ಪೇಟೆಯ ಈ ಸೇವಾ ಕಚೇರಿಯ ಗಿರಾಕಿಗಳಲ್ಲಿ ಹೆಚ್ಚಿನವರು ಚಾಲಿ (ಸಿಪ್ಪೆಸಹಿತ ಒಣಗಿಸಿದ ಹಣ್ಣಡಿಕೆ) ಸುಲಿಯುವ ಯಂತ್ರ, ಅಡಿಕೆ ಕೊನೆ ಕೊಯ್ಯುವ ಉದ್ದ ಕೋಲಿನ ದೋಟಿ ಮಾಡಿದವರು. ಕರಡು ಬರೆಯುವುದು ನೋಂದಾಯಿತ ಪೇಟೆಂಟ್ ಏಜೆಂಟ್. ಅರ್ಜಿ ಆನ್‌ಲೈನ್‌ನಲ್ಲಿ ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ. ಬರವಣಿಗೆಯಲ್ಲಿ ತಪ್ಪು ಹುಡುಕುವಂತಿಲ್ಲ. ಶೀರ್ಷಿಕೆ 15 ಪದದೊಳಗೆ, ಸಾರಾಂಶ 150ರೊಳಗೆ. ಪುಟ 30, ಕ್ಲೇಮು (ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ಸಾಲು) 10 ದಾಟದಂತೆ ಅಳೆದು ಬರೆಯುತ್ತಾರೆ. ಅಷ್ಟರೊಳಗಿದ್ದರೆ ಒಬ್ಬ ವ್ಯಕ್ತಿಯ ಇ-ಅರ್ಜಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ದಾಟಿದರೆ ಪುಟಕ್ಕೆ 160, ಕ್ಲೇಮಿಗೆ 320 ಏರುತ್ತ ಹೋಗುತ್ತದೆ.

ಎಡವುವುದು ಡ್ರಾಯಿಂಗಿನಲ್ಲಿ. ಇವರು ಸಿದ್ಧಪಡಿಸಿದ ಒಂದು ಹಾಳೆಯಲ್ಲಿ ರೋಲರಿನ ಪಕ್ಕ ‘ರಬ್ಬರ್ ರೋಲರ್’, ಬ್ಲೇಡಿನ ಪಕ್ಕ ‘ಬ್ಲೇಡ್’ ಎಂದೇ ಬರೆದಿದೆ. ಮಿಲಿಮೀಟರ್ ಅಳತೆಯೂ ಇದೆ. ವರ್ಕ್‌ಶಾಪಿನ ಮಿಸ್ತ್ರಿಗೆ ಅದು ಅನುಕೂಲ, ಪೇಟೆಂಟ್ ನಿಯಮಕ್ಕೆ ತಪ್ಪು. ಭಾಗಗಳಿಗೆ 12, 14 ಎಂದು ಸಂಖ್ಯೆ ಮಾತ್ರ ಹಾಕಿ, ವಿವರಣೆಯಲ್ಲೂ ಕ್ಲೇಮಿನ ಆವರಣದಲ್ಲೂ ಅದೇ ಸಂಖ್ಯೆ ಬಳಸಬೇಕು. ಪದಗಳಿಗೆ ಜಾಗ ಇರುವುದು ಫ್ಲೋ ಡಯಾಗ್ರಾಮಿನಲ್ಲಿ. ಮೇಲೆ ಎಡಕ್ಕೆ ಅರ್ಜಿದಾರರ ಹೆಸರು, ಬಲಕ್ಕೆ ಒಟ್ಟು ಹಾಳೆ ಮತ್ತು ಹಾಳೆಯ ಕ್ರಮಾಂಕ, ಕೆಳಗೆ ಬಲಕ್ಕೆ ಸಹಿ. ಇಷ್ಟು ಚಿಕ್ಕದಕ್ಕೇ ಆಕ್ಷೇಪಣೆ ಬಂದು ಕೂರುತ್ತದೆ.

ಸಹಿಯ ವಿಷಯ ಇನ್ನೂ ಸಡಿಲ. ಯಂತ್ರದ ಯೋಚನೆ ಮಿಸ್ತ್ರಿಯದು, ಅರ್ಜಿ ತೋಟದ ಯಜಮಾನರದು ಎಂದಿದ್ದರೆ ಮಿಸ್ತ್ರಿಯನ್ನೇ ಆವಿಷ್ಕಾರಕ ಎಂದು ತೋರಿಸಿ, ಫಾರ್ಮ್ 1ರ, ಅಂದರೆ ಅರ್ಜಿ ನಮೂನೆಯ, ಘೋಷಣೆಗೆ ಅವರ ಸಹಿ ಪಡೆಯಬೇಕು. ಇಲ್ಲವೇ ಹಕ್ಕು ವರ್ಗಾವಣೆ ಪತ್ರವನ್ನು 6 ತಿಂಗಳೊಳಗೆ ಕೊಡಬೇಕು. ಏಜೆಂಟರಿಗೆ ಅಧಿಕಾರ ಕೊಡುವ ಫಾರ್ಮ್ 26ಕ್ಕೆ 3 ತಿಂಗಳು. ಇವರು ಎರಡನ್ನೂ ‘ಆಮೇಲೆ ನೋಡೋಣ’ ಎನ್ನುತ್ತಾರೆ. ಒಪ್ಪಬೇಡಿ, ಮೊದಲ ದಿನವೇ ಸಹಿ ಹಾಕಿಸಿ.

ಕೈಗೆ ಕೊಡುವ ಕರಪತ್ರ ಹಳೆಯದು. ಅರ್ಜಿಯನ್ನು ಪರೀಕ್ಷಿಸಿ ಎಂದು ಪೇಟೆಂಟ್ ಕಚೇರಿಯನ್ನು ಕೋರುವ ಫಾರ್ಮ್ 18ಕ್ಕೆ 48 ತಿಂಗಳು ಎಂದಿದೆ. 2024ರ ಮಾರ್ಚ್ 15ರ ತಿದ್ದುಪಡಿಯ ನಂತರದ ಅರ್ಜಿಗಳಿಗೆ ಅದು 31 ತಿಂಗಳು. ಪ್ರಾವಿಷನಲ್ (ಪೂರ್ಣ ವಿವರಣೆಗೆ ಮುಂಚಿನ ತಾತ್ಕಾಲಿಕ ಅರ್ಜಿ) ಹಾಕಿದ್ದರೆ ಎಣಿಕೆ ಅದರ ತಾರೀಖಿನಿಂದಲೇ. ತಪ್ಪಿದರೆ ಅರ್ಜಿ ಹಿಂಪಡೆದಂತೆ. ಪ್ಯಾಕೇಜಿನ ದರದಲ್ಲಿ ಈ ಫಾರ್ಮಿನ 4,000 ರೂಪಾಯಿ ಸೇರಿಲ್ಲ, ಕೇಳಿದರಷ್ಟೇ ಹೇಳುತ್ತಾರೆ. ಪ್ರಾವಿಷನಲ್ ನಂತರ 12 ತಿಂಗಳೊಳಗೆ ಪೂರ್ಣ ವಿವರಣೆ, ಪರೀಕ್ಷಾ ವರದಿಗೆ 6 ತಿಂಗಳೊಳಗೆ ಉತ್ತರ: ಈ ಗಡುವುಗಳನ್ನು ರಸೀದಿಯ ಹಿಂಬದಿ ಬರೆಸಿಕೊಳ್ಳಿ.

ಯಂತ್ರದವರಿಗೆ ಇಷ್ಟು ಎಚ್ಚರದೊಂದಿಗೆ ಈ ಸೇವೆ ಸಾಕು. ಮುರುಗಲು, ಉಪ್ಪಾಗೆಯಂಥ ಕಾಡುಹಣ್ಣಿನ ಉತ್ಪನ್ನ ಮಾಡಿದವರು ಮಾತ್ರ ಫಾರ್ಮ್ 1ನ್ನು ತಾವೇ ಓದಬೇಕು. ಭಾರತದ ಜೈವಿಕ ಸಾಮಗ್ರಿ ಬಳಸಿದ್ದೇನೆ ಎಂಬ ಸಾಲನ್ನು ಇಲ್ಲಿ ಯಂತ್ರದ ನಮೂನೆಯಿಂದಲೇ ನಕಲು ಮಾಡುವುದರಿಂದ, ಅದು ಹೊಡೆದುಹಾಕಿಯೇ ಬರುತ್ತದೆ. ಆ ಸಾಲು ಉಳಿಯಬೇಕು.