ಸಾಗವಾನಿ ಸಂದೂಕ: ಕೀಲು ಚೊಲೊ, ಮುಚ್ಚಳಕ್ಕೆ ಉಸಿರಿಲ್ಲ

ಧಾರವಾಡದ ಒಂದು ಸಣ್ಣ ಬಡಿಗತನದ ಅಂಗಡಿಯಲ್ಲಿ ಹೇಳಿ ಮಾಡಿಸಿದ ಸಂದೂಕ ಇದು. ಉದ್ದ 42 ಇಂಚು, ಅಗಲ 20, ಎತ್ತರ 20. ರಂದಾ ಹೊಡೆದ ಮೇಲೆ ಹಲಗೆಯ ದಪ್ಪ 22 ಮಿ.ಮೀ. ಇಳಕಲ್ ಸೀರೆ, ಕೌದಿ, ಬೆಳ್ಳಿ ಸಾಮಾನು ಇಡಲಿಕ್ಕೆ, ಮೊಮ್ಮಕ್ಕಳ ಕೈಗೂ ದಾಟಲಿ ಅಂತ ಮಾಡಿಸುವ ವಸ್ತು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಈ ವಿಮರ್ಶೆ. ಅದಕ್ಕೂ ಮೊದಲು ಬರೆದರೆ ಅದು ಬರೀ ಪಾಲಿಶಿನ ಹೊಗಳಿಕೆ ಆಗುತ್ತದೆ.

ಕಟ್ಟಿಗೆ ವಿಷಯದಲ್ಲಿ ಅಂಗಡಿಯವರು ಮೋಸ ಮಾಡಿಲ್ಲ. ದಾಂಡೇಲಿ ಕಡೆಯ ಸಾಗವಾನಿ, ಡಿಪೋ ಬಿಲ್ಲಿನ ನಕಲು ಕೇಳಿದ ಕೂಡಲೇ ತೋರಿಸಿದರು. ಈ ಅಳತೆಗೆ ಲೆಕ್ಕ ಹಾಕಿದರೆ ಕಟ್ಟಿಗೆ 2 ಘನ ಅಡಿ ಹತ್ತಿರ. ಕತ್ತರಿಸಿ ಬೀಳುವುದು, ಗಂಟು, ಹೊರಗಿನ ಬಿಳಿ ಕಟ್ಟಿಗೆ ತೆಗೆಯುವುದು ಸೇರಿಸಿ ಮೂರೂವರೆ ಘನ ಅಡಿ ಹಿಡಿಯಬೇಕು. ಎರಡೂವರೆಯಲ್ಲೇ ಮುಗಿಸುತ್ತೇನೆ ಅನ್ನುವವರು ಬಿಳಿ ಭಾಗವನ್ನೂ ಹಲಗೆಗೆ ಹಾಕುತ್ತಾರೆ, ಮೇಲೆ ಬಣ್ಣ ಬಳಿದು ಮುಚ್ಚುತ್ತಾರೆ. ಕುಟ್ಟೆ ಹುಳ ಮೊದಲು ಹಿಡಿಯುವುದು ಅಲ್ಲಿಯೇ. ಸಾಗವಾನಿಗೆ ಗೆದ್ದಲು ಹತ್ತುವುದಿಲ್ಲ ಅನ್ನುವ ಮಾತು ಕೆಚ್ಚಿಗೆ, ಅಂದರೆ ಒಳಗಿನ ಗಟ್ಟಿ ಭಾಗಕ್ಕೆ, ಮಾತ್ರ ಸಲ್ಲುತ್ತದೆ. ತೇವ ಅಳೆಯುವ ಮೀಟರ್ ಇವರ ಹತ್ತಿರ ಇದೆ, ಶೇಕಡಾ 11 ತೋರಿಸಿತು. ಆದರೆ ಅದನ್ನು ಹಲಗೆಯ ಮೈಮೇಲೆ ಚುಚ್ಚಿದರೆ ಪ್ರಯೋಜನ ಕಡಿಮೆ. ತುದಿಯಿಂದ ಅರ್ಧ ಅಡಿ ಕತ್ತರಿಸಿ, ಹೊಸದಾಗಿ ಕಂಡ ಮುಖದ ನಟ್ಟ ನಡುವೆ ಚುಚ್ಚಿ ನೋಡಬೇಕು. ಅಲ್ಲಿಯೂ 10ರಿಂದ 12 ಬಂದರೆ ಒಪ್ಪಿಕೊಳ್ಳಿ.

ಮೂಲೆಗಳ ಕೆಲಸ ನಿಜಕ್ಕೂ ನೋಡುವಂಥದ್ದು. ಪ್ರತಿ ಮೂಲೆಗೆ ಏಳು ಡವ್‌ಟೇಲ್ (ಪಾರಿವಾಳದ ಬಾಲದ ಆಕಾರದ ಕೀಲು), ಕೈಗರಗಸ, ಉಳಿ, ಕೊಡತಿಯಲ್ಲೇ ತೆಗೆದದ್ದು. ಓರೆ ಎಂಟಕ್ಕೆ ಒಂದು. ಗಟ್ಟಿ ಕಟ್ಟಿಗೆಗೆ ಇಷ್ಟೇ ಬೇಕು, ಹೆಚ್ಚು ಓರೆ ಕೊಟ್ಟರೆ ಚೂಪಾದ ತುದಿ ಜೋಡಿಸುವಾಗಲೇ ಸಿಡಿಯುತ್ತದೆ. ಉಗುರು ತೂರಿಸಲಿಕ್ಕೂ ಸಂದಿಲ್ಲ. ಅಂಟು ಹಚ್ಚುವ ಮೊದಲು ಮುಖಗಳನ್ನು ಥಿನ್ನರಿನಿಂದ ಒರೆಸಿದ್ದಾರೆ. ಸಾಗವಾನಿಯ ಜಿಡ್ಡು ಹಾಗೇ ಬಿಟ್ಟರೆ ಯಾವ ಅಂಟೂ ಸರಿಯಾಗಿ ಕಚ್ಚುವುದಿಲ್ಲ. ನಾಲ್ಕೂ ಬದಿಯ ಎಳೆ ಅಡ್ಡಡ್ಡ ಓಡುತ್ತದೆ. ಹೀಗಾಗಿ ಮಳೆಗಾಲದಲ್ಲಿ ಉಬ್ಬಿದರೂ ಬೇಸಿಗೆಯಲ್ಲಿ ಕುಗ್ಗಿದರೂ ನಾಲ್ಕೂ ಒಟ್ಟಿಗೇ ಉಬ್ಬಿ ಕುಗ್ಗುತ್ತವೆ, ಕೀಲಿಗೆ ಜಗ್ಗಾಟ ಇಲ್ಲ.

ಇಷ್ಟು ತಿಳಿದವರು ಮುಚ್ಚಳದಲ್ಲಿ ಯಾಕೆ ಎಡವಿದರೋ. ನಾಲ್ಕು ಹಲಗೆ ಜೋಡಿಸಿ 21 ಇಂಚು ಅಗಲ ಮಾಡಿ, ಬಾಗಬಾರದು ಅಂತ ಒಳಗಡೆ ಮೂರು ಅಡ್ಡಪಟ್ಟಿ ಕೊಟ್ಟಿದ್ದಾರೆ. ಪಟ್ಟಿ ಬೇಕೇ ಬೇಕು. ಆದರೆ ಅದಕ್ಕೆ ಉದ್ದಕ್ಕೂ ಫೆವಿಕಾಲ್ ಬಳಿದು, ಮೇಲೆ ಐದೈದು ಸ್ಕ್ರೂ ಬಿಗಿದಿದ್ದಾರೆ. ಇಷ್ಟು ಅಗಲದ ಸಾಗವಾನಿ ಧಾರವಾಡದ ಆಷಾಢದ ಜಿಟಿಜಿಟಿಯಿಂದ ಏಪ್ರಿಲ್ ಬಿಸಿಲಿಗೆ ಬರುವಷ್ಟರಲ್ಲಿ 3ರಿಂದ 4 ಮಿ.ಮೀ. ಕುಗ್ಗುತ್ತದೆ. ಪಟ್ಟಿ ಉದ್ದಕ್ಕೆ ಕುಗ್ಗುವುದಿಲ್ಲ. ಒಂದು ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ. ಏಪ್ರಿಲ್ ಎರಡನೇ ವಾರಕ್ಕೆ ಎರಡನೇ ಜೋಡಿನ ಪಕ್ಕದಲ್ಲಿ, ಜೋಡು ಹಾಗೇ ಇದ್ದು, ಕಟ್ಟಿಗೆಯೇ ಒಂದು ಗೇಣು ಉದ್ದ ಸೀಳಿತು. ಸಂದು ಎರಡು ಮಿ.ಮೀ. ಧಾರವಾಡಕ್ಕಿಂತ ಒಣ ಗಾಳಿಯ ಗದಗ, ಮುಂಡರಗಿ ಕಡೆಯ ಮನೆಗೆ ಹೋಗಿದ್ದರೆ ಇನ್ನೂ ಬೇಗ ಬಾಯಿ ಬಿಡುತ್ತಿತ್ತು.

ಅಂಗಡಿಯವರು ಮೊದಲು ಕೊಟ್ಟ ಪರಿಹಾರ, ಕಟ್ಟಿಗೆ ಪುಡಿಗೆ ಅಂಟು ಕಲಸಿ ತುಂಬಿ ಪಾಲಿಶ್ ಹೊಡೆಯುವುದು. ಅದನ್ನು ಒಪ್ಪಬೇಡಿ. ಮಳೆ ಬಂದಾಗ ಹಲಗೆ ಉಬ್ಬಿ ಆ ಲುಗದಿಯನ್ನು ಹೊರಗೆ ತಳ್ಳುತ್ತದೆ, ಮರುವರ್ಷ ಪಕ್ಕದಲ್ಲಿ ಮತ್ತೊಂದು ಸೀಳು ಏಳುತ್ತದೆ. ಸರಿಯಾದ ರಿಪೇರಿ ಹೀಗಿದೆ: ಪಟ್ಟಿಯನ್ನು ಉಳಿಯಿಂದ ಬಿಡಿಸಿ ಅಂಟು ಪೂರ್ತಿ ಕೆರೆಯಬೇಕು. ನಡುವಿನ ಸ್ಕ್ರೂ ಮಾತ್ರ ಬಿಗಿ. ಉಳಿದ ನಾಲ್ಕಕ್ಕೆ ಪಟ್ಟಿಯಲ್ಲಿನ ತೂತನ್ನು 10 ಮಿ.ಮೀ. ಉದ್ದಕ್ಕೆ ಎಳೆದು, ತಲೆಯ ಕೆಳಗೆ ವಾಷರ್ ಹಾಕಿ, ಬಿಗಿಮಾಡಿ ಕಾಲು ಸುತ್ತು ಸಡಿಲ ಬಿಡಬೇಕು. ಸೀಳಿಗೆ ಅದೇ ಬಣ್ಣದ ಸಾಗವಾನಿ ಚಕ್ಕೆಯನ್ನು ಬೆಣೆಯ ಹಾಗೆ ಕೆತ್ತಿ ಒಂದೇ ಬದಿಗೆ ಅಂಟು ಹಚ್ಚಿ ಕೂರಿಸಬೇಕು. ಹೇಳಿದ ಮೇಲೆ ಹಾಗೇ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ, ಕೆಲಸವೂ ಚೊಕ್ಕ. ಮೊದಲೇ ಹೀಗೆ ಮಾಡಿದ್ದರೆ ಹೆಚ್ಚಿನ ಖರ್ಚು ಹನ್ನೆರಡು ವಾಷರ್, ಅರ್ಧ ತಾಸಿನ ಕೆಲಸ.

ತಳಕ್ಕೆ 6 ಮಿ.ಮೀ. ಪ್ಲೈವುಡ್ ಇಟ್ಟು ಕೆಳಗಿನಿಂದ ಕಬ್ಬಿಣದ ಮೊಳೆ ಹೊಡೆದಿದ್ದಾರೆ. ಇದಕ್ಕೆ ಮಾಫಿ ಇಲ್ಲ. ಹತ್ತು ಕೌದಿಯ ಭಾರ ಅಂದರೆ ಕಡಿಮೆಯೇ? ತಳ ಜೋತುಬಿದ್ದು ಮೊಳೆ ಸಡಿಲಾಗುತ್ತದೆ. ಸಾಗವಾನಿಯದೇ 12 ಮಿ.ಮೀ. ಹಲಗೆಗಳು, ನಾಲ್ಕೂ ಬದಿ ಗ್ರೂವ್‌ನಲ್ಲಿ ಅಂಟಿಲ್ಲದೆ ಕೂತು, ಹಲಗೆ ಹಲಗೆ ನಡುವೆ ಒಂದೂವರೆ ಮಿ.ಮೀ. ಸಂದು, ಕೆಳಗೆ ಒಂದು ಅಡ್ಡ ತೊಲೆ: ಆರ್ಡರ್ ಚೀಟಿಯಲ್ಲಿ ಇದನ್ನು ಬರೆಸಿಯೇ ಮುಂಗಡ ಕೊಡಿ. ಮೂರು ಇಂಚಿನ ಪೀಠ ಕೊಟ್ಟಿದ್ದು ಒಳ್ಳೆಯದಾಯಿತು. ಪರ್ಸಿ ಒರೆಸಿದ ನೀರು ಹಲಗೆಗೆ ಮುಟ್ಟುವುದಿಲ್ಲ, ಗೆದ್ದಲಿನ ಮಣ್ಣು ಏರುತ್ತಿದ್ದರೂ ಬಗ್ಗಿದರೆ ಕಾಣುತ್ತದೆ.

ಬಿಜಾಗರಿ ಮೂರು, ಮೂರಿಂಚಿನವು, ಅಸಲು ಹಿತ್ತಾಳೆ. ಅಯಸ್ಕಾಂತ ಹಿಡಿದು ನೋಡಿ: ಹಿಡಿದುಕೊಂಡರೆ ಅದು ಬಣ್ಣ ಹಾಕಿದ ಕಬ್ಬಿಣ. ಹಿತ್ತಾಳೆ ಸ್ಕ್ರೂ ಸಾಗವಾನಿಯಲ್ಲಿ ತಲೆ ಕಳಕೊಳ್ಳುವುದು ಮಾಮೂಲು. ಅದಕ್ಕೆ ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ತಿರುಗಿಸಿ ದಾರಿ ಮಾಡಿ, ತೆಗೆದು, ಹಿತ್ತಾಳೆಯದಕ್ಕೆ ಮೇಣ ಸವರಿ ಹಾಕಬೇಕು. ಇಲ್ಲಿ ಎರಡು ಸ್ಕ್ರೂ ಮುರಿದು ಒಳಗೇ ಉಳಿದಿವೆ, ತಲೆ ಮಾತ್ರ ಅಂಟಿಸಿದ್ದಾರೆ! ಮುಚ್ಚಳ ಒಂದೇ 9 ಕಿಲೋ, ಅದನ್ನು ತಡೆದು ನಿಲ್ಲಿಸಲು ಸರಪಳಿಯೂ ಇಲ್ಲ. ಮಕ್ಕಳಿರುವ ಮನೆಗೆ ತಡೆ ಬೇಕು, ಹಿಂದಿನ ಹಲಗೆಯಲ್ಲಿ ಗಾಳಿಯಾಡಲು ನಾಲ್ಕು ತೂತೂ ಬೇಕು. ಹೊರಗಿನ ಕೊಂಡಿ ತಾನೇ ಬೀಳುವಂಥದ್ದು ಬೇಡ, ಮಗು ಒಳಗೆ ಸಿಕ್ಕಿಬಿದ್ದೀತು.

ಪಾಲಿಶ್‌ಗೆ ಇವರು ಕೇಳದೆಯೇ ಮೆಲಮೈನ್ ಸ್ಪ್ರೇ ಹೊಡೆಯುತ್ತಾರೆ. ಮಿಂಚುತ್ತದೆ ನಿಜ, ಆದರೆ ಒಂದು ಕಡೆ ಕಿತ್ತರೆ ಇಡೀ ಮುಖ ಕೆರೆಯಬೇಕು. ಹೊರಗೆ ಅಗಸಿ ಎಣ್ಣಿ ತೆಳುವಾಗಿ ಮೂರು ಸಲ, ಪ್ರತಿ ಸಲ ಪೂರ್ತಿ ಒಣಗಲು ಬಿಟ್ಟು. ಒಳಗೆ ಎಣ್ಣಿ ಬೇಡ, ವಾಸನೆ ಸೀರೆಗೆ ಹತ್ತುತ್ತದೆ. ಅರಗಿನ ಸ್ಪಿರಿಟ್ ಪಾಲಿಶ್ ಒಂದೇ ಕೈ ಸಾಕು. ಎಣ್ಣಿ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಕಾದು ಬೆಂಕಿ ಹತ್ತಬಹುದು. ಹರವಿ ಒಣಗಿಸಿ.

ನಾಲ್ಕು ವಾರ ಅಂದದ್ದು ಏಳು ವಾರ ಆಯಿತು. ದರ ಬರೆದು ಉಪಯೋಗವಿಲ್ಲ, ಸಾಗವಾನಿ ದಿಮ್ಮಿಯ ಸುತ್ತಳತೆ, ಉದ್ದದ ಮೇಲೆ ಬೆಲೆ ಏರಿಳಿಯುತ್ತದೆ. ಕಟ್ಟಿಗೆ ಬೇರೆ, ಕೂಲಿ ಬೇರೆ ಅಂತ ಬಿಲ್ಲು ಮಾಡಿಸಿ. ಮೂಲೆಯ ಕೆಲಸಕ್ಕೆ ಈ ಅಂಗಡಿಗೆ ಕಣ್ಣುಮುಚ್ಚಿ ಹೋಗಬಹುದು. ಮುಚ್ಚಳ, ತಳದ ನಕ್ಷೆ ಮಾತ್ರ ನೀವೇ ಒಯ್ಯಿರಿ. ಖಾಲಿ ಸಂದೂಕವೇ 40 ಕಿಲೋ ಹತ್ತಿರ, ಎತ್ತಲು ಇಬ್ಬರು ಬೇಕು. ಹಿಡಿಕೆ ಸೇರಿ ಉದ್ದ 46 ಇಂಚು ಆಗುತ್ತದೆ, ಹಳೆಯ ಮನೆಯ ಪಡಸಾಲಿಯಿಂದ ಒಳಕೋಣೆಗೆ ತಿರುಗುವ ಜಾಗವನ್ನು ಆರ್ಡರ್ ಕೊಡುವ ಮೊದಲೇ ಟೇಪು ಹಿಡಿದು ನೋಡಿಕೊಳ್ಳಿ.