ಕಡಿಮೆ ಮಾರ್ಕ್ಸ್ ಇದ್ದರೂ ಎಂಬಿಬಿಎಸ್ ಸೀಟು ಪಕ್ಕಾ ಅನ್ನುವವರನ್ನು ನಂಬಬೇಡಿ: ಬೆಳಗಾವಿಯಲ್ಲಿ ನನಗಾದ ಮೋಸ

ವಯಸ್ಸು ಸ್ವಲ್ಪ ಜಾಸ್ತಿ ಆಗಿದೆ, ಪಿಯುಸಿ ಮಾರ್ಕ್ಸ್ ಕಡಿಮೆ, ಬೇರೆ ಕೆಲಸ ಹಿಡಿದಾಗಿದೆ, ಆದರೂ ಡಾಕ್ಟರ್ ಆಗುವ ಆಸೆ ಬಿಟ್ಟಿಲ್ಲ. ಇಂಥವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ನಮ್ಮಂಥವರನ್ನೇ ಹುಡುಕಿಕೊಂಡು ಫೋನ್ ಮಾಡುವ ಏಜೆಂಟರಿದ್ದಾರೆ. ನನ್ನಿಂದ 3 ಲಕ್ಷ 85 ಸಾವಿರ ರೂಪಾಯಿ ತೆಗೆದುಕೊಂಡರು. ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಾಯ್ತು.

ನಾನು ಜಮಖಂಡಿ ತಾಲೂಕಿನವಳು. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬಾಗಲಕೋಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ವಯಸ್ಸು 28. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ 46 ಪರ್ಸೆಂಟ್. ನಮ್ಮದು 2ಎ. 2025ರ ನೀಟ್‌ಗೆ ಅರ್ಜಿ ಹಾಕಿದ ಕೆಲವೇ ದಿನಕ್ಕೆ ಒಂದು ಫೋನ್ ಬಂತು. ಬಹಳ ಮರ್ಯಾದೆಯ ಮಾತು. ಬೆಳಗಾವಿಯಲ್ಲಿ ಆಫೀಸ್ ಇದೆ, ಒಮ್ಮೆ ಬಂದು ಹೋಗಿ, ದುಡ್ಡಿನ ಮಾತು ಆಮೇಲೆ ಅಂದರು. ನಮ್ಮ ಮನೆಗೆ ಕಬ್ಬಿನ ಬಿಲ್ಲು ಬಂದ ಹೊತ್ತದು.

ಆಫೀಸು ಚನ್ನಮ್ಮ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರ. ಗೋಡೆ ತುಂಬ ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರ ಫೋಟೋ. ಒಳಗೆ ಕೂತವನು ನನ್ನ ಅಂಕಪಟ್ಟಿ ನೋಡಿ ಮೊದಲು ಒಂದು ದೊಡ್ಡ ಉಸಿರು ಬಿಟ್ಟ. "ಸಿಸ್ಟರ್, ಭಾಳ ಕಷ್ಟ ಐತ್ರಿ ನಿಮ್ಮ ಕೇಸು. ಆದ್ರ ನಾವು ಅದೀವಲ್ಲ, ಚಿಂತಿ ಬಿಡ್ರಿ" ಅಂದ. ಪಕ್ಕದಲ್ಲಿದ್ದ ನಮ್ಮ ಅಪ್ಪನಿಗೆ "ಕಾಕಾ, ಮುಂದಿನ ವರ್ಷ ನಿಮ್ಮ ಮಗಳು ಕಾಲೇಜಿನ್ಯಾಗ ಇರ್ತಾಳ" ಅಂತ ಚಹಾ ತರಿಸಿ ಕೊಟ್ಟ.

ಅವರು ಮೋಸ ಮಾಡುವ ರೀತಿ ಇಲ್ಲೇ ಇದೆ. ಇಲ್ಲದ ಬೇಲಿಯೊಂದನ್ನು ತೋರಿಸುತ್ತಾರೆ, ಆಮೇಲೆ ಅದನ್ನು ದಾಟಿಸುವುದಕ್ಕೆ ದುಡ್ಡು ಕೇಳುತ್ತಾರೆ.

ಮೊದಲನೆಯದು ವಯಸ್ಸು. 25 ದಾಟಿದವರಿಗೆ ದೆಹಲಿಯಿಂದ ಸ್ಪೆಷಲ್ ಪರ್ಮಿಷನ್ ಬೇಕು, ಅದಕ್ಕೆ 35 ಸಾವಿರ ಅಂದ. ಹಿಂದೆ ನೀಟ್‌ಗೆ 25, ಮೀಸಲಾತಿ ಇದ್ದವರಿಗೆ 30 ಅನ್ನುವ ಮಿತಿ ಇತ್ತು, ನಿಜ. ಆದರೆ 2022ರ ಮಾರ್ಚ್‌ನಲ್ಲೇ ಎನ್‌ಎಂಸಿ, ಅಂದರೆ ದೇಶದ ಮೆಡಿಕಲ್ ಶಿಕ್ಷಣಕ್ಕೆ ನಿಯಮ ಮಾಡುವ ಆಯೋಗ, ಅದನ್ನು ತೆಗೆದು ಹಾಕಿದೆ. ಕಾಲೇಜಿಗೆ ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಸಾಕು, ಮೇಲಿನ ಮಿತಿ ಇಲ್ಲವೇ ಇಲ್ಲ. ಯಾವ ಪರ್ಮಿಷನ್ನೂ ಬೇಡ.

ಎರಡನೆಯದು ಪಿಯುಸಿ ಮಾರ್ಕ್ಸ್. "50 ಪರ್ಸೆಂಟ್ ಇಲ್ಲದವರಿಗೆ ಸೀಟೇ ಇಲ್ರಿ, ಬ್ಯಾರೆ ರಾಜ್ಯದ ಬೋರ್ಡ್‌ನಿಂದ 68 ಪರ್ಸೆಂಟ್ ಅಂಕಪಟ್ಟಿ ಮಾಡಸ್ತೀವಿ" ಅಂದ. 50 ಬೇಕಾಗಿರುವುದು ಜನರಲ್ ಕೆಟಗರಿಗೆ. ಎಸ್‌ಸಿ, ಎಸ್‌ಟಿ, ಕೆಟಗರಿ 1, 2ಎ, 2ಬಿ, 3ಎ, 3ಬಿ ಇವರಿಗೆಲ್ಲ ಆ ಮೂರು ವಿಷಯ ಸೇರಿ 40 ಇದ್ದರೆ ಆಯ್ತು. ಅಂದರೆ ನನ್ನ 46ಕ್ಕೆ ಯಾವ ತೊಂದರೆಯೂ ಇರಲಿಲ್ಲ! ಆ ಖೊಟ್ಟಿ ಅಂಕಪಟ್ಟಿಗೆ ನಾನು ಒಪ್ಪಲಿಲ್ಲ, ಅಷ್ಟರ ಮಟ್ಟಿಗೆ ಬಚಾವಾದೆ. ಯಾರಾದರೂ ಒಪ್ಪಿದರೆ ನಾಳೆ ಕೇಸಿನಲ್ಲಿ ಆರೋಪಿ ಆಗುವವರು ನೀವು, ಏಜೆಂಟ್ ಅಲ್ಲ. ನಿಜವಾಗಿಯೂ ಮಾರ್ಕ್ಸ್ ಸಾಲದವರಿಗೆ ಎನ್‌ಐಒಎಸ್ ಇದೆ. ಅದು ಕೇಂದ್ರ ಸರ್ಕಾರದ ಓಪನ್ ಸ್ಕೂಲು, ಅಲ್ಲಿ ಪರೀಕ್ಷೆ ಬರೆದು ಪಾಸಾದರೆ ನೀಟ್‌ಗೆ ನಡೆಯುತ್ತದೆ. ಪಿಯುಸಿಯಲ್ಲಿ ಬಯಾಲಜಿಯೇ ಇರಲಿಲ್ಲ ಅನ್ನುವವರಿಗೂ ದಾರಿ ಇದೆ. ಆಮೇಲೆ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡರೂ ನಡೆಯುತ್ತದೆ ಅಂತ 2023ರ ನವೆಂಬರ್‌ನಲ್ಲಿ ಎನ್‌ಎಂಸಿ ಹೇಳಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕೊಪ್ಪಳದ ವಿಳಾಸ ತೋರಿಸಿ 371 ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಯ ಸರ್ಟಿಫಿಕೇಟ್ ಮಾಡಿಸೋಣ ಅಂತಲೂ ಹೇಳಿದ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಲ್ಯಾಣ ಕರ್ನಾಟಕಕ್ಕೆ ಸೇರುವುದಿಲ್ಲ. ನಮ್ಮ ಪಕ್ಕದ ಜಿಲ್ಲೆಗೆ ಇರುವ ಮೀಸಲಾತಿ ನಮಗಿಲ್ಲ. ಸುಳ್ಳು ವಿಳಾಸದ ಮೇಲೆ ಅದನ್ನು ಮಾಡಿಸಿದರೆ ಅಲ್ಲಿನ ಒಬ್ಬ ಬಡ ಹುಡುಗನ ಸೀಟು ಕಿತ್ತುಕೊಂಡ ಹಾಗೆ, ಅಲ್ವಾ?

ನರ್ಸಿಂಗ್ ಮಾಡಿದವರು, ಬಿಎಎಂಎಸ್ (ಆಯುರ್ವೇದ ಡಿಗ್ರಿ) ಮಾಡಿದವರು ಇನ್ನೊಂದು ಮಾತು ಕೇಳಿಸಿಕೊಳ್ಳಬೇಕು. ಬ್ರಿಡ್ಜ್ ಕೋರ್ಸ್ ಮಾಡಿ ನೇರ ಎರಡನೇ ವರ್ಷದ ಎಂಬಿಬಿಎಸ್‌ಗೆ ಹೋಗಬಹುದು ಅಂತ ಯಾರಾದರೂ ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಅಂಥ ಕೋರ್ಸ್ ಇಲ್ಲ. ನೀವು ಹತ್ತು ವರ್ಷ ಐಸಿಯುನಲ್ಲಿ ಕೆಲಸ ಮಾಡಿದ್ದರೂ ನೀಟ್ ಬರೆದು ಮೊದಲ ವರ್ಷಕ್ಕೇ ಸೇರಬೇಕು.

ನಿಜವಾದ ಅಡ್ಡಿ ಇರುವುದು ಒಂದೇ, ಅದು ರ‍್ಯಾಂಕ್. ಅದರ ಬಗ್ಗೆ ಅವನು ಬಾಯಿ ಬಿಡಲಿಲ್ಲ. 2025ರಲ್ಲಿ ಜನರಲ್ ಕಟ್‌ಆಫ್ 720ಕ್ಕೆ 144 ಇತ್ತು, ಹಿಂದುಳಿದ ವರ್ಗದವರಿಗೆ 113. ನನಗೆ 200ರ ಆಸುಪಾಸು ಬಂತು. ಕ್ವಾಲಿಫೈ ಆಯ್ತು ಅಂತ ಮನೆಯಲ್ಲಿ ಪೇಡೆ ಹಂಚಿದರು. ಆದರೆ ಕ್ವಾಲಿಫೈ ಆಗುವುದು ಬೇರೆ, ಸೀಟು ಸಿಗುವುದು ಬೇರೆ. ಕ್ವಾಲಿಫೈ ಆದವರು ಕೌನ್ಸೆಲಿಂಗ್ ಸಾಲಿನಲ್ಲಿ ನಿಲ್ಲಬಹುದು ಅಷ್ಟೇ. ಸರ್ಕಾರಿ ಸೀಟು ಅದಕ್ಕಿಂತ ಎಷ್ಟೋ ಮೇಲಿನ ಅಂಕಕ್ಕೇ ಮುಗಿದು ಹೋಗುತ್ತದೆ. ನನ್ನ ಅಂಕಕ್ಕೆ ಬಿಎಎಂಎಸ್‌ಗೆ ಪ್ರಯತ್ನ ಮಾಡಬಹುದಿತ್ತು, ಅದೂ ನೀಟ್ ಮೇಲೇ, ಅದೇ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ನಡೆಸುವ ಕೌನ್ಸೆಲಿಂಗ್‌ನಲ್ಲೇ, ಅಂದರೆ ಸೀಟು ಹಂಚಿಕೆಯಲ್ಲೇ.

ಆ ದಾರಿಯೂ ಮುಚ್ಚಿತು. ಕೆಇಎ ಅರ್ಜಿ ಅವರ ಆಫೀಸಿನಲ್ಲೇ ತುಂಬಿದರು, ಮೊಬೈಲ್ ನಂಬರ್ ಇದ್ದ ಕಡೆ ಅವರದೇ ನಂಬರ್ ಹಾಕಿದರು. "ಒಟಿಪಿ ಬಂದಾಗ ನೀವು ಡ್ಯೂಟಿ ಮ್ಯಾಲೆ ಇರ್ತೀರಿ, ನಾವಽ ನೋಡ್ಕೋತೀವಿ" ಅಂದರು. ಎಸ್‌ಎಸ್‌ಎಲ್‌ಸಿ, ಪಿಯುಸಿ ಮೂಲ ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಎಲ್ಲ "ವೆರಿಫಿಕೇಷನ್‌ಗೆ ಬೇಕು" ಅಂತ ಫೈಲಿಗೆ ಹಾಕಿಕೊಂಡರು. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು ಆರಿಸುವುದು, ಶುರುವಾದಾಗ ನನ್ನದೇ ಅರ್ಜಿಗೆ ನಾನು ಲಾಗಿನ್ ಆಗಲು ಆಗಲಿಲ್ಲ. ಒಟಿಪಿ ಅವರ ಫೋನಿಗೆ ಹೋಗುತ್ತಿತ್ತು, ಅವರು ಫೋನ್ ಎತ್ತುತ್ತಿರಲಿಲ್ಲ. ಒಂದೊಂದೇ ರೌಂಡ್ ಮುಗಿಯಿತು. ಯಾವ ಆಯ್ಕೆಯೂ ದಾಖಲಾಗಲಿಲ್ಲ. ಒಂದು ಇಡೀ ವರ್ಷ ಹೋಯಿತು, ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕೊನೆಗೆ ಒಂದು ಸಂಜೆ ವಾಟ್ಸಾಪ್‌ನಲ್ಲಿ ಪಿಡಿಎಫ್ ಬಂತು. ಅಲಾಟ್‌ಮೆಂಟ್ ಲೆಟರ್. ನನ್ನ ಹೆಸರು, ನೀಟ್ ರೋಲ್ ನಂಬರ್, ಕೆಳಗೆ ನೀಲಿ ಸೀಲು, ಅದರ ಮೇಲೆ ಸಹಿ. ಮೇಲ್ಗಡೆ ಕೆಇಎ ಹೆಸರು, ಒಳಗೆ ಒಂದು ಡೀಮ್ಡ್ ಯೂನಿವರ್ಸಿಟಿಯ ಕಾಲೇಜು. ನಾಳೆ ಮಧ್ಯಾಹ್ನದೊಳಗೆ 12 ಲಕ್ಷ ಕ್ಯಾಶ್ ತನ್ನಿ, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಅಂತ ಫೋನು. ಅಪ್ಪ ಹೊಲದ ಮೇಲೆ ಸಾಲ ಕೇಳಲು ಹೊರಟಿದ್ದರು. ನಾನು ಮೊದಲು ಕಾಲೇಜಿಗೇ ಹೋಗಿ ಕೇಳಿ ಬರೋಣ ಅಂದೆ. ಅಡ್ಮಿಷನ್ ಕೌಂಟರಿನಲ್ಲಿದ್ದ ಹಿರಿಯರು ಕಾಗದ ನೋಡಿದ ತಕ್ಷಣ, "ತಂಗಿ, ಡೀಮ್ಡ್ ಕಾಲೇಜಿನ ಸೀಟು ಕೊಡೋದು ದೆಹಲಿಯ ಎಂಸಿಸಿ, ಕೇಂದ್ರದ ಕೌನ್ಸೆಲಿಂಗ್ ಸಮಿತಿ. ಕೆಇಎ ಹೆಸರಿನ್ಯಾಗ ನಮಗ ಲೆಟರ್ ಬರಂಗಿಲ್ಲವ್ವಾ. ಒಂದು ರೂಪಾಯಿನೂ ಕೊಡಬ್ಯಾಡ" ಅಂದರು. ಅವರಿಗೆ ನಾನು ಯಾವತ್ತೂ ಋಣಿ.

ಇದನ್ನು ನೆನಪಿಟ್ಟುಕೊಳ್ಳಿ. ನಮ್ಮ ರಾಜ್ಯದ ಸರ್ಕಾರಿ ಕಾಲೇಜು, ಖಾಸಗಿ ಕಾಲೇಜಿನ ಸೀಟು ಹಂಚುವುದು ಕೆಇಎ. ಮ್ಯಾನೇಜ್‌ಮೆಂಟ್ ಸೀಟು, ಎನ್‌ಆರ್‌ಐ ಸೀಟು ಅಂತ ಕರೆಯುವುದೂ ಅದರಲ್ಲೇ ಬರುತ್ತದೆ. ಅಖಿಲ ಭಾರತ ಕೋಟಾದ 15 ಪರ್ಸೆಂಟ್ ಮತ್ತು ಡೀಮ್ಡ್ ಕಾಲೇಜುಗಳ ಸೀಟು ಎಂಸಿಸಿ ಕೈಯಲ್ಲಿದೆ. ಕೊನೆಗೆ ಉಳಿದ ಸೀಟಿಗೆ ನಡೆಸುವ ಸ್ಟ್ರೇ ರೌಂಡ್ ಕೂಡ ಆನ್‌ಲೈನ್‌ನಲ್ಲೇ, ರ‍್ಯಾಂಕ್ ಪ್ರಕಾರವೇ. ಉಳಿದ ಸೀಟನ್ನು ಸುಮ್ನೆ ಯಾರೋ ಕೈಗೆ ಎತ್ತಿ ಕೊಡುವ ವ್ಯವಸ್ಥೆ ಇಲ್ಲ. ಅಲಾಟ್‌ಮೆಂಟ್ ಲೆಟರ್ ನಿಮ್ಮ ಲಾಗಿನ್‌ನಿಂದ ನೀವೇ ಡೌನ್‌ಲೋಡ್ ಮಾಡಿಕೊಂಡರೆ ಮಾತ್ರ ಅದು ಲೆಟರ್. ರಸೀದಿ ಇಲ್ಲದೆ ಕ್ಯಾಶ್ ಕೇಳಿದರೆ ಅದು ಡೊನೇಷನ್, 1984ರಿಂದಲೇ ಅದರ ವಿರುದ್ಧ ನಮ್ಮ ರಾಜ್ಯದಲ್ಲಿ ಕಾನೂನಿದೆ.

ಸಿಕ್ಕಿಬಿದ್ದ ಮೇಲೆ ಅವನು ಹೊಸ ರಾಗ ತೆಗೆದ. ಕೊಟ್ಟ ದುಡ್ಡನ್ನು ವಿದೇಶದ ಸೀಟಿಗೆ ಹೊಂದಿಸಿ ಕೊಡುತ್ತೇನೆ, ನಾಲ್ಕೇ ವರ್ಷದ ಕೋರ್ಸು ಅಂದ. 2021ರ ಎನ್‌ಎಂಸಿ ನಿಯಮದ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷಿನಲ್ಲಿ ಕಲಿಸಬೇಕು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ವಾಪಸ್ ಬಂದು ಎಫ್‌ಎಂಜಿಇ ಅನ್ನುವ, ವಿದೇಶದಲ್ಲಿ ಓದಿದವರ ಪರೀಕ್ಷೆಯಲ್ಲಿ 300ಕ್ಕೆ 150 ತೆಗೆಯಬೇಕು. ನಾಲ್ಕು ವರ್ಷದ ಡಿಗ್ರಿ ತಂದರೆ ಇಲ್ಲಿ ಪ್ರಾಕ್ಟೀಸ್ ಮಾಡಲು ಬರುವುದಿಲ್ಲ.

ದುಡ್ಡು ವಾಪಸ್ ಕೇಳಿದಾಗ ಬಾಂಡ್ ಪೇಪರ್ ತೋರಿಸಿದ. ಸೀಟು ಸಿಗದಿದ್ದರೆ ಹಣ ವಾಪಸ್ ಅಂತ ಬಾಯಲ್ಲಿ ಹೇಳಿ ಸಹಿ ಹಾಕಿಸಿಕೊಂಡಿದ್ದ ಕಾಗದವದು. ವಕೀಲರು ಓದಿ ಹೇಳಿದಾಗ ನಮ್ಮ ಅಪ್ಪ ಅಲ್ಲೇ ಕೂತುಬಿಟ್ಟರು. ಕಾಗದ ಇಂಗ್ಲಿಷಿನಲ್ಲಿತ್ತು, ಅದರಲ್ಲಿ ಸೀಟು ಅನ್ನುವ ಪದವೇ ಎಲ್ಲೂ ಇಲ್ಲ. ಶೈಕ್ಷಣಿಕ ಸಲಹೆ ಪಡೆದಿದ್ದೇನೆ, ನನಗೆ ತೃಪ್ತಿಯಾಗಿದೆ, ಈ ಶುಲ್ಕ ವಾಪಸ್ ಕೇಳುವುದಿಲ್ಲ ಅಂತಷ್ಟೇ ಇದೆ. ಠಾಣೆಯಲ್ಲೂ ಮೊದಲು ಆ ಕಾಗದ ನೋಡಿ ಇದು ಸಿವಿಲ್ ಮ್ಯಾಟರ್ ಅಂದರು. ಖೊಟ್ಟಿ ಅಲಾಟ್‌ಮೆಂಟ್ ಲೆಟರ್ ಮುಂದಿಟ್ಟ ಮೇಲೆ ವಂಚನೆ ಅಂತ ದೂರು ಬರೆದುಕೊಂಡರು. ಗ್ಯಾರಂಟಿಗೆ ಅಂತ ಅವನು ಕೊಟ್ಟಿದ್ದ ಚೆಕ್ ಬೌನ್ಸ್ ಆಯ್ತು, ಅದರ ಕೇಸು ಬೇರೆ ನಡೆದಿದೆ. ನಿಮ್ಮ ಹತ್ತಿರವೂ ಇಂಥ ಚೆಕ್ ಇದ್ದರೆ ಬರೆದ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದ ಮೆಮೋ ಕೈಗೆ ಬಂದ 30 ದಿನದೊಳಗೆ ವಕೀಲರಿಂದ ನೋಟಿಸ್ ಕಳಿಸಲೇಬೇಕು, ಅದು ತಪ್ಪಿದರೆ ಕೇಸು ಬಿದ್ದು ಹೋಗುತ್ತದೆ.

ಮೂಲ ಅಂಕಪಟ್ಟಿ ಇನ್ನೂ ನನ್ನ ಕೈ ಸೇರಿಲ್ಲ, ನಕಲು ಪ್ರತಿಗೆ ಅರ್ಜಿ ಕೊಟ್ಟಿದ್ದೇನೆ. ಸರ್ಕಾರಿ ನರ್ಸ್ ಹುದ್ದೆಗೆ ಹಾಕಬೇಕೆಂದರೂ ಅವೇ ಕಾಗದ ಬೇಕು. ನೀಟ್ ಮತ್ತೆ ಬರೆಯುತ್ತೇನೆ, ಈ ಸಲ ಕನ್ನಡದ ಪ್ರಶ್ನೆಪತ್ರಿಕೆ ತೆಗೆದುಕೊಂಡು. ಅರ್ಜಿ ನಾನೇ ತುಂಬುತ್ತೇನೆ, ನನ್ನದೇ ನಂಬರ್ ಹಾಕಿ.

ಇದೇ ರೀತಿ ದುಡ್ಡು ಕೊಟ್ಟವರು ನಮ್ಮ ಸುತ್ತಮುತ್ತ ಇನ್ನೂ ಇದ್ದಾರೆ, ಜನ ಏನಂದಾರು ಅಂತ ಸುಮ್ಮನಿದ್ದಾರೆ. ದಯವಿಟ್ಟು ನಿಮ್ಮ ಊರಿನ ಠಾಣೆಯಲ್ಲೇ ದೂರು ಕೊಡಿ. ಆನ್‌ಲೈನ್‌ನಲ್ಲಿ ಕಳಿಸಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ವಾಟ್ಸಾಪ್ ಮೆಸೇಜು, ಕಾಲ್ ರೆಕಾರ್ಡಿಂಗ್, ಬಾಂಡ್ ಪೇಪರ್, ಬ್ಯಾಂಕ್ ಸ್ಟೇಟ್‌ಮೆಂಟ್ ಯಾವುದನ್ನೂ ಅಳಿಸಬೇಡಿ, ಹರಿದು ಹಾಕಬೇಡಿ. ಒಬ್ಬಳೇ ಹೋದಾಗ ಸಿವಿಲ್ ಮ್ಯಾಟರ್ ಅಂದವರು ನಾಲ್ಕು ಜನ ಒಂದೇ ಥರದ ಲೆಟರ್ ಹಿಡಿದು ಹೋದರೆ ಹಾಗೆ ಅನ್ನಲಿಕ್ಕೆ ಆಗುವುದಿಲ್ಲ.