ನೂರ್ ರೂಪಾಯಿ ಒಳಗಿನ ರಿಲೇ ಬೋರ್ಡ್, ಒಂದ ಬಟನ್ನಿಗೆ ಇಡೀ ಆರ್ಕೇಡ್ ಆನ್

ಮನ್ಯಾಗ ಆರ್ಕೇಡ್ ಕ್ಯಾಬಿನೆಟ್, ಅಂದ್ರ ನಿಂತು ಆಡೋ ವಿಡಿಯೋ ಗೇಮ್ ಡಬ್ಬಿ ಕಟ್ಟಿದವರೆಲ್ಲಾ ಕಡೀಕ ಬಂದು ಸಿಕ್ಕೊಳ್ಳೋದು ಒಂದ ಕಡೆ, ಆನ್ ಮಾಡೋದ್ರಾಗ. ಪ್ಲೈವುಡ್ ಡಬ್ಬಿ ಒಳಗ ಹಳೇ ಸಿಪಿಯು, ಮಾನಿಟರ್, ಸಣ್ಣ ಆಂಪ್ಲಿಫೈಯರ್, ಮ್ಯಾಲೆ ಹೆಸರಿನ ಬೋರ್ಡಿನ ಹಿಂದ ಎಲ್‌ಇಡಿ ಪಟ್ಟಿ, ನಾಕಕ್ಕೂ ನಾಕ್ ಪ್ಲಗ್. ಆಟ ಆಡ್ಬೇಕಂದ್ರ ಮೊದ್ಲ ಹಿಂದ ಕೈ ಹಾಕಿ ತಡಕಾಡ್ಬೇಕು.

ಇದಕ್ಕಂತ ನಾ ತಗೊಂಡಿದ್ದು 12 ವೋಲ್ಟಿನ ಸಿಂಗಲ್ ಚಾನಲ್ ರಿಲೇ ಬೋರ್ಡ್, ಅಂದ್ರ ಸಣ್ಣ ಕರೆಂಟ್ ಕೊಟ್ರ ದೊಡ್ಡ ಕರೆಂಟಿನ ಒಂದು ಸ್ವಿಚ್ ತಾನ ಹಾಕೋ ಬೋರ್ಡ್. ಹುಬ್ಬಳ್ಳಿ ಕೊಪ್ಪಿಕರ್ ರೋಡ್ ಕಡೆ ಒಂದು ಬಿಡಿಭಾಗದ ಅಂಗಡ್ಯಾಗ ನೂರ್ ರೂಪಾಯಿ ಒಳಗ ಸಿಕ್ತು. ಅಂಗಡ್ಯಾವ್ರು "ಪಂಪ್‌ಸೆಟ್ಟಿಗೇನ್ರಿ ಸರ?" ಅಂದ್ರು, ಇಲ್ರಿ ಗೇಮ್ ಮಶೀನಿಗೆ ಅಂದೆ, ಒಂದ್ ಸಲ ಮುಖ ನೋಡಿ "ಹಂಗಾದ್ರ ಸಾಕ್ ಬಿಡ್ರಿ, ಮೋಟಾರಿಗೆ ಮಾತ್ರ ಹಚ್ಚಬ್ಯಾಡ್ರಿ ಮತ್ತ" ಅಂದ್ರು. ಖರೇ ಮಾತು. ನೀಲಿ ರಿಲೇ ಮ್ಯಾಲೆ 10 ಆಂಪ್ 250 ವೋಲ್ಟ್ ಅಂತ ಬರದಿರ್ತೈತಿ, ನಮ್ಮ ಮಾನಿಟರ್, ಆಂಪ್ಲಿಫೈಯರ್, ಲೈಟ್ ಎಲ್ಲಾ ಕೂಡ್ಸಿದ್ರೂ ನೂರ್ ವ್ಯಾಟ್ ದಾಟಂಗಿಲ್ಲ, ಅಂದ್ರ 230 ವೋಲ್ಟಿಗೆ ಅರ್ಧ ಆಂಪ್ ಸೈತ ಇಲ್ಲ.

ಎಲೆಕ್ಟ್ರಿಷಿಯನ್ನರನ್ನ ಕೇಳಿದ್ರ ಹತ್ರಾಗ ಒಂಬತ್ ಮಂದಿ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಕೂಡ್ಸಿ, ಬಯೋಸ್‌ನಾಗ (ವಿಂಡೋಸಿಗಿಂತ ಮೊದ್ಲ ಬರೋ ಸಿಪಿಯು ಸೆಟ್ಟಿಂಗಿನ್ಯಾಗ) ಕರೆಂಟ್ ಬಂದ ಕೂಡ್ಲೇ ಆನ್ ಆಗು ಅಂತ ಸೆಟ್ಟಿಂಗ್ ಇಟ್ಟುಬಿಡ್ರಿ ಅಂತಾರ. ಆನ್ ಆಗೋದೇನೋ ಆಗ್ತೈತಿ. ಆಫ್ ಮಾಡುವಾಗ? ವಿಂಡೋಸ್ ಇನ್ನೂ ಫೈಲ್ ಬರ್ಕೊಳ್ತಿರುವಾಗ ಕರೆಂಟ್ ಕಿತ್ತುಬಿಡೋದಂದ್ರ ಉಣ್ಣಾಕ ಕುಂತವನ ಮುಂದಿನ ತಾಟ ಕಸ್ಕೊಂಡಂಗ. ಇನ್ನೊಂದು, ಏಪ್ರಿಲ್ ಮೇದಾಗ ನಮ್ಮ ಕಡೆ ಸಂಜಿ ಗಾಳಿ ಮಳಿ ಬಂದ್ರ ಕರೆಂಟ್ ಹೋಗಿ ನಡು ರಾತ್ರಿ ಬರೋದೈತಲ್ಲ, ಸ್ವಿಚ್ ಆಫ್ ಮಾಡೋದು ಮರ್ತಿದ್ರ ಡಬ್ಬಿ ತಾನ ಎದ್ದು ಫುಲ್ ವಾಲ್ಯೂಮಿನ್ಯಾಗ ಡಿಶುಂ ಡಿಶುಂ ಶುರು ಹಚ್ಕೊಳ್ತೈತಿ. ಮನ್ಯಾಗ ಅವ್ವ ಇದ್ರ ಮುಂದಿಂದು ಹೇಳೋದ ಬ್ಯಾಡ.

ಅದಕ್ಕ ನನ್ನ ಲೆಕ್ಕ ಏನಂದ್ರ ಬಟನ್ ಕರೆಂಟ್ ಕಡೀಬಾರದು, ಸಿಪಿಯುನ ಎಬ್ಬಿಸ್ಬೇಕು ಅಷ್ಟ, ಉಳಿದಿದ್ದೆಲ್ಲಾ ಸಿಪಿಯು ಹಿಂದ ಬರ್ಬೇಕು. ಈ ಬೋರ್ಡ್ ಮಾಡೋದು ಅದನ್ನ. ಮದರ್‌ಬೋರ್ಡಿನ ಪವರ್ ಸ್ವಿಚ್ ಪಿನ್ ಎರಡಕ್ಕ ಒಂದು ಆರ್ಕೇಡ್ ಬಟನ್ ಹಚ್ಚೀನಿ, ಅದರ ಕೆಳಗಿನ ಮೈಕ್ರೋಸ್ವಿಚ್ಚಿನ್ಯಾಗ ಕಾಮನ್ ಮತ್ತ ನಾರ್ಮಲಿ ಓಪನ್ (ಒತ್ತಿದಾಗ ಮಾತ್ರ ಕೂಡೋ) ಕಡ್ಡಿ ಹಿಡ್ಕೋಬೇಕು, ಪ್ಲಸ್ ಮೈನಸ್ ತಲಿಬ್ಯಾನಿ ಇಲ್ಲ. ಆಮೇಲೆ ಸಿಪಿಯು ಒಳಗಿನ ನಾಕ್ ಪಿನ್ನಿನ ಮೋಲೆಕ್ಸ್ ವೈರಿನ್ಯಾಗ ಹಳದಿ 12 ವೋಲ್ಟ್, ಕರಿ ಗ್ರೌಂಡ್. ಹಳದಿ ವೈರ್ ಬೋರ್ಡಿನ ಸಪ್ಲೈಗೂ ಇನ್‌ಪುಟ್ಟಿಗೂ ಎರಡಕ್ಕೂ ಕೊಟ್ಟು ಜಂಪರ್ (ಬೋರ್ಡ್ ಮ್ಯಾಲಿನ ಸಣ್ಣ ಕ್ಯಾಪ್) ಹೈ ಕಡೆ, ಅಂದ್ರ ವೋಲ್ಟ್ ಬಂದ್ರ ರಿಲೇ ಆನ್ ಆಗೋ ಕಡೆ, ಇಟ್ರ ಮುಗೀತು. ಕೆಲವರು ಯುಎಸ್‌ಬಿ 5 ವೋಲ್ಟಿಂದ ರಿಲೇ ಓಡಸ್ತಾರ, ಆದ್ರ ಭಾಳ ಮದರ್‌ಬೋರ್ಡಿನ್ಯಾಗ ಶಟ್‌ಡೌನ್ ಆದ ಮ್ಯಾಲೂ ಯುಎಸ್‌ಬಿಗೆ ಕರೆಂಟ್ ಬರ್ತಿರ್ತೈತಿ, ಲೈಟ್ ಆರೋದ ಇಲ್ಲ. ಹಳದಿ ವೈರಿಗೆ ಆ ರಗಳೆ ಇಲ್ಲ, ಸ್ಲೀಪಿಗೆ ಹೋದ್ರೂ 12 ವೋಲ್ಟ್ ಬಂದ್ ಆಗ್ತೈತಿ.

230ರ ಕಡೆ ಫೇಸ್ ಒಂದನ್ನ ರಿಲೇ ಒಳಗಿಂದ ಹಾಯಿಸ್ರಿ, ನ್ಯೂಟ್ರಲ್, ಅರ್ಥಿಂಗ್ ರಿಲೇಕ್ಕ ಹೋಗದ ಸೀದಾ ಮಾನಿಟರ್, ಆಂಪ್ಲಿಫೈಯರ್, ಲೈಟಿನ ಪ್ಲಗ್ ಹಾಕೋ ಎಕ್ಸ್‌ಟೆನ್ಶನ್ ಬೋರ್ಡಿಗೆ. ಸಿಪಿಯು ಪ್ಲಗ್ ಮಾತ್ರ ರಿಲೇಕ್ಕಿಂತ ಮೊದ್ಲ ಇರ್ಬೇಕು, ಇಲ್ಲಾಂದ್ರ ಯಾರ್ ಯಾರನ್ನ ಎಬ್ಬಿಸ್ಬೇಕು?

ಬಟನ್ ಒತ್ತಿದ್ರ ಒಳಗ "ಟಕ್" ಅಂತೈತಿ, ಮಾನಿಟರ್, ಸೌಂಡ್, ಲೈಟ್ ಒಮ್ಮೆಲೇ ಹತ್ತತಾವ. ಮತ್ತೊಮ್ಮೆ ಒತ್ತಿದ್ರ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಿ ಮತ್ತ "ಟಕ್", ಎಲ್ಲಾ ಕತ್ತಲಿ. ಆ ಸಪ್ಪಳ ಕೇಳಾಕಂತನ ನಮ್ಮ ಹುಡುಗೂರು ಒತ್ತಾಕ ಜಗಳಾಡ್ತಾವ.

ಇನ್ನ ಬೋರ್ಡಿನ ಕೊರತಿ. ತಿರುವಿ ಹಾಕಿ ನೋಡ್ರಿ, ಹಿಂದ ಬೆಸುಗೆ ಎಲ್ಲಾ ಬತ್ತಲ, ಅದರೊಳಗ 230 ಹರೀತಿರ್ತೈತಿ. ಡಬ್ಬಿ ಇಲ್ಲ, ಕಾಗದ ಇಲ್ಲ, ಯಾವ ಟರ್ಮಿನಲ್ ಯಾವ್ದು ಅನ್ನೋದು ಇರುವಿ ಸಾಲಿನಷ್ಟು ಸಣ್ಣ ಅಕ್ಷರದಾಗ. ಬರೇ ಪ್ಲೈವುಡ್ಡಿಗೆ ಸ್ಕ್ರೂ ಹೊಡದು ಕೈ ತೊಳ್ಕೊಂಡ್ರ ನಡಿಯಂಗಿಲ್ಲ, ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್ ಒಳಗ ಎತ್ತರ ಕೊಟ್ಟು ಕುಂದರಸ್ರಿ, ಹೊರಗ ಫ್ಯೂಸ್ ಇರೋ ಸಾಕೆಟ್ ಹಚ್ರಿ. ಮೇನ್ ಲೈನಿನ ಅನುಭವ ಇಲ್ಲದವರು ಆ ಕೆಲಸ ಎಲೆಕ್ಟ್ರಿಷಿಯನ್ನರಿಗೆ ಬಿಡ್ರಿ, ಹಂಗಂತ ಮ್ಯಾಲಿನ ಬಯೋಸ್ ಐಡಿಯಾ ಕೇಳಬ್ಯಾಡ್ರಿ.

ತಗೊಳ್ಳೋಕ್ಕಿಂತ ಮೊದ್ಲ ನಿಮ್ಮ ಮಾನಿಟರ್ ಆನ್ ಇದ್ದಾಗ ಪ್ಲಗ್ ಕಿತ್ತು ತಿರುಗಿ ಹಾಕಿ ನೋಡ್ರಿ. ತಾನ ಹತ್ತಿದ್ರ ಛಲೋ. ಕೆಲವು ಟಿವಿ ಕೆಂಪ್ ಲೈಟ್ ಹಚ್ಕೊಂಡು ರಿಮೋಟಿನ ದಾರಿ ಕಾಯ್ತಾವ, ಅಂಥಾವಕ್ಕ ಈ ಬೋರ್ಡ್ ದಂಡ. ಸಿಪಿಯು ಬದ್ಲಿ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಷ್ಟ ಕಂಪ್ಯೂಟರ್ ಹಾಕ್ದವರಿಗೂ ಇದ ಉಪಾಯ ಹಿಂಗ ನಡಿಯಂಗಿಲ್ಲ, ಪೈ ಶಟ್‌ಡೌನ್ ಆದ್ರೂ ಅದರ 5 ವೋಲ್ಟ್ ಪಿನ್ ಜೀವಂತ ಇರ್ತೈತಿ.

ಐದಕ್ಕ ನಾಕ್ ಸ್ಟಾರ್. ಇದ ಬೋರ್ಡನ್ನ ಮುಚ್ಚಳ ಇರೋ ಡಬ್ಬಿ ಸಮೇತ ಇನ್ನೊಂದ್ ನೂರ್ ರೂಪಾಯಿ ಜಾಸ್ತಿ ಇಟ್ಟು ಮಾರಿದ್ರೂ ನಾ ತಗೋತಿದ್ದೆ.